ಯಾರ ಮನೆಯ ಚಳಿ

ವಾರಿಜ ಮೇಡಂ ಪುಸ್ತಕವನ್ನು ಹಿಂದಿನಿಂದ ತೆರೆಯುತ್ತಿದ್ದರು. ಹೊಸದಾಗಿ ಬಂದ ಪುಸ್ತಕವಿರಲಿ, ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಯಿರಲಿ, ಮೊದಲು ಕೊನೆಯಲ್ಲಿರುವ ಆಕರಸೂಚಿಗೆ ಹೋಗಿ, ಕನ್ನಡಕ ಹಣೆಗೇರಿಸಿ, ಬೆರಳಿಟ್ಟು ಒಂದೊಂದೇ ಸಾಲು ಓದುವುದು. ಅದು ಸರಿ ಕಂಡರೆ ಮಾತ್ರ ಮುಖಪುಟದ ಕಡೆ ಬರುವುದು. ಮದುವೆಯ ಕರೆಯೋಲೆಯನ್ನೂ ಇವರು ಹಿಂದಿನಿಂದಲೇ ಓದುತ್ತಾರೆಂದು ನಾವು ತಮಾಷೆ ಮಾಡುತ್ತಿದ್ದೆವು. ಒಮ್ಮೆ ಕಣ್ಣಾರೆ ನೋಡಿದೆ, ನಿಜವಾಗಿಯೂ ಹಾಗೇ ಓದುತ್ತಿದ್ದರು. ಅಲ್ಲಿ ಅಚ್ಚು ಹಾಕಿದ ಪ್ರೆಸ್ಸಿನ ಹೆಸರು ಇರುತ್ತದಲ್ಲ.

ಸುಳ್ಯದ ನಮ್ಮ ಕಾಲೇಜಿನಲ್ಲಿ ಅವರು ಗ್ರಂಥಪಾಲಕಿ. ಗಿಡ್ಡ ಆಳು, ದೊಡ್ಡ ಸ್ವರ. ‘ಮೌನ ಕಾಪಾಡಿ’ ಎಂಬ ಫಲಕದ ಕೆಳಗೆ ಕುಳಿತು ಇಡೀ ಗ್ರಂಥಾಲಯದಲ್ಲಿ ಅತಿ ಹೆಚ್ಚು ಮಾತಾಡುತ್ತಿದ್ದವರು ಅವರೇ. ಫೋನಿನಲ್ಲಿ ಮನೆಯವರೊಂದಿಗೆ ಅರೆಭಾಷೆ, ಅಟೆಂಡರ್ ಹತ್ತಿರ ತುಳು, ನಮ್ಮ ಹತ್ತಿರ ಕನ್ನಡ. ಮೂರರಲ್ಲೂ ಕೇಳುತ್ತಿದ್ದ ಪ್ರಶ್ನೆ ಮಾತ್ರ ಒಂದೇ: “ಯಾರ ಮನೆಯದ್ದು?”

ನಮ್ಮ ಕಡೆ ಗಿಡಬಳ್ಳಿ ಹಂಚಿಕೊಳ್ಳುವಾಗ ಕೇಳುವ ಮಾತು ಅದು. ಮಲ್ಲಿಗೆಯ ಗೆಲ್ಲು, ಕಾಳುಮೆಣಸಿನ ಬಳ್ಳಿ, ಕೆಸುವಿನ ಗಡ್ಡೆ, ಯಾವುದು ಬಂದರೂ ಅದು ಯಾರ ಮನೆಯಿಂದ ಬಂತೆಂದು ಹೇಳದೆ ಯಾರೂ ನೆಡುವುದಿಲ್ಲ. ಆಮೇಲೆ ಆ ಮನೆಯ ಹೆಸರೇ ಗಿಡದ ಹೆಸರಾಗಿಬಿಡುತ್ತದೆ. ವಾರಿಜ ಮೇಡಂ ಈ ಪದ್ಧತಿಯನ್ನು ಹಿತ್ತಿಲಿನಿಂದ ಎತ್ತಿ ತಂದು ಗ್ರಂಥಾಲಯದಲ್ಲಿ ನೆಟ್ಟಿದ್ದರು. ಪ್ರಾಜೆಕ್ಟಿನಲ್ಲಿ ಒಂದು ಅಂಕಿ ಕಂಡರೆ ಸಾಕು, “ಇದು ಯಾರ ಮನೆಯದ್ದು?” ಒಬ್ಬ ಹುಡುಗ ಆಕರವೆಂದು ‘ಗೂಗಲ್’ ಎಂದಷ್ಟೇ ಬರೆದುಕೊಂಡು ಬಂದಿದ್ದ.

“ನಿಮ್ಮ ಮನೆಗೆ ನೆಂಟರು ಬಸ್ಸಲ್ಲಿ ಬಂದ್ರು ಅಂತ ಇಟ್ಟುಕೋ. ಯಾರ ಮನೆಯವ್ರು ಅಂತ ಕೇಳಿದ್ರೆ ಬಸ್ಸಿನ ಹೆಸರು ಹೇಳ್ತೀಯಾ?” ಎಂದರು. ಅವನು ಇಲ್ಲವೆಂದ. “ಗೂಗಲ್ ಅಂದ್ರೆ ಬಸ್ಸು ಮಾರಾಯ. ನೆಂಟರು ಯಾರು, ಅದು ಹೇಳು.”

ನಾನು ಅದೇ ಕಾಲೇಜಿನಲ್ಲಿ ಓದಿ, ಅಲ್ಲೇ ಸಂಖ್ಯಾಶಾಸ್ತ್ರದ ಅತಿಥಿ ಉಪನ್ಯಾಸಕಿಯಾಗಿ ಸೇರಿದವಳು. ದಿನಾ ಪುತ್ತೂರಿನಿಂದ ಬಸ್ಸು. ವಿದ್ಯಾರ್ಥಿಗಳ ಎದುರು ಮೇಡಂ ನನ್ನನ್ನು ‘ನೀವು’ ಎನ್ನುತ್ತಿದ್ದರು, ಮಕ್ಕಳು ಅತ್ತ ಹೋದ ಕೂಡಲೇ ‘ನೀನು’. ಪಿಎಚ್‌ಡಿ ಐದು ವರ್ಷದಲ್ಲಿ ಮುಗಿಸದವರಿಗೆ ಆಮೇಲೆ ಕೆಲಸವಿಲ್ಲವೆಂದು ಕಾಲೇಜಿನವರು ಹೇಳಿಯಾಗಿತ್ತು. ಮಾರ್ಗದರ್ಶಕರ ಬಳಿಗೆ ನಾನು ಹೋಗುವಷ್ಟರಲ್ಲಿ ಮಳೆ, ಬೆಳೆ, ನದಿ, ಸಮುದ್ರ ಎಲ್ಲ ಬೇರೆಯವರ ಪಾಲಾಗಿ, ನನಗೆ ಉಳಿದದ್ದು ದಕ್ಷಿಣ ಧ್ರುವ. ಫ್ರಿಜ್ಜಿನ ಮೇಲಿನ ಬಾಗಿಲು ತೆಗೆದಾಗ ಮುಖಕ್ಕೆ ಬಡಿಯುವುದು ಬಿಟ್ಟರೆ ಬೇರೆ ಹಿಮ ಕಾಣದವಳು, ಅಂಟಾರ್ಕ್ಟಿಕದ ಚಳಿಯ ಮೇಲೆ ಪ್ರಬಂಧ ಬರೆಯಲು ಕುಳಿತೆ.

ಉಷ್ಣತೆಯ ಮೊದಲ ನಕ್ಷೆ ತಯಾರಾದ ದಿನ ನನಗೆ ನೆಲ ಕಾಣಲಿಲ್ಲ. ನಾನು ಆರಿಸಿಕೊಂಡಿದ್ದ ದಕ್ಷಿಣ ಧ್ರುವದ ಹವಾಮಾನ ಠಾಣೆಯಲ್ಲಿ ಚಳಿಗಾಲವೇ ವರ್ಷದ ಅತಿ ಬೆಚ್ಚಗಿನ ಕಾಲವೆಂದು ತೋರಿಸುತ್ತಿತ್ತು. ಯಾರಿಗೂ ಹೊಳೆಯದ ಸಂಗತಿಯೊಂದು ಪುತ್ತೂರಿನವಳಿಗೆ ಹೊಳೆಯಿತೆಂದು ಬೀಗುತ್ತ ಕಾಗದ ಹಿಡಿದು ಗ್ರಂಥಾಲಯಕ್ಕೆ ಹೋದೆ. ಮೇಡಂ ನಕ್ಷೆಯ ಕೆಳಗೆ ನಾನು ಬರೆದಿದ್ದ ಸಾಲನ್ನು ಬೆರಳಿಟ್ಟು ಓದಿದರು. ಮಾರ್ಚ್‌ನಿಂದ ಮೇ ಬೇಸಿಗೆ, ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ, ಡಿಸೆಂಬರ್, ಜನವರಿ ಚಳಿಗಾಲ.

“ಅಲ್ಲಿ ಮಳೆಗಾಲ ಉಂಟಾ?” ಎಂದು ಕೇಳಿದರು.

ಅಲ್ಲಿ ಡಿಸೆಂಬರೆಂದರೆ ಬೇಸಿಗೆ, ಜುಲೈ ಎಂದರೆ ಕೊರೆಯುವ ಚಳಿ. ಹತ್ತನೇ ತರಗತಿಯ ಮಕ್ಕಳಿಗೂ ತಿಳಿದ ವಿಷಯ. ನಾನು ಮಾತ್ರ ಪೆಂಗ್ವಿನ್‌ಗಳಿಗೆ ಕೊಡೆ ಹಿಡಿಸಿದ್ದೆ.

“ಆಗ್ತದೆ ಬಿಡು. ಯಾರ ಮನೆಗೆ ಹೋದ್ರೂ ನಾವು ನಮ್ಮನೆ ಗಡಿಯಾರವೇ ನೋಡುದು,” ಎಂದು ಸಮಾಧಾನ ಹೇಳಿದರು. ಆಮೇಲೆ ಮೂರು ದಿನ ನನ್ನನ್ನು ಕಂಡಾಗಲೆಲ್ಲ ಅಲ್ಲಿ ಸೌತೆಬೀಜ ಹಾಕುವುದು ಯಾವಾಗ ಎಂದು ವಿಚಾರಿಸಿದರು.

ನಾಲ್ಕನೇ ವರ್ಷ ಪ್ರಬಂಧದ ಕರಡು ಒಯ್ದಾಗ ಅವರು ಎಂದಿನಂತೆ ಕೊನೆಯ ಪುಟದಿಂದ ತೆರೆದರು, ಅವರ ಪ್ರಶ್ನೆಯೂ ಬಂತು. ಈ ಅಂಕಿಗಳು ಯಾರ ಮನೆಯವು? ನಾನು ಸಹಜವಾಗಿ, ನಮ್ಮ ಸೀನಿಯರ್ ಒಬ್ಬರು ಪೆನ್‌ಡ್ರೈವಿನಲ್ಲಿ ಕೊಟ್ಟದ್ದು ಎಂದೆ. ಕಡತದ ಹೆಸರು ‘ಫೈನಲ್ ಎರಡು’. ಆ ಸೀನಿಯರಿಗೆ ಯಾರು ಕೊಟ್ಟರೆಂಬುದು ಅವರಿಗೇ ಮರೆತುಹೋಗಿತ್ತು. ಮೇಡಂ ಹಣೆಯ ಮೇಲಿನ ಕನ್ನಡಕವನ್ನು ಕಣ್ಣಿಗೆ ಇಳಿಸಿದರು. ಅದು ಅವರು ಟೊಂಕ ಕಟ್ಟಿದ ಲಕ್ಷಣ.

ಸುಮಾರು ಎರಡು ವಾರ, ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಬುತ್ತಿ ಪಕ್ಕಕ್ಕಿಟ್ಟು ನಾವಿಬ್ಬರೂ ಹಿಮದೇಶಗಳ ದತ್ತಾಂಶ ಕೇಂದ್ರಗಳ ಬಾಗಿಲು ತಟ್ಟಿದೆವು, ಅಂದರೆ ಅವುಗಳ ಜಾಲತಾಣ ಜಾಲಾಡಿದೆವು. ಸುಮ್ಮನೆ ‘ಅಂಟಾರ್ಕ್ಟಿಕ ಉಷ್ಣತೆ’ ಎಂದು ಹುಡುಕಿದರೆ ರಾಶಿ ರಾಶಿ ಬರುತ್ತಿತ್ತು. ಮೇಡಂ ಹಾಗೆ ಹುಡುಕಲು ಬಿಡಲಿಲ್ಲ. ಠಾಣೆಯ ಸಂಕೇತ, ಯಾವ ವರ್ಷದಿಂದ ಯಾವ ವರ್ಷಕ್ಕೆ, ಗಂಟೆಗೊಮ್ಮೆ ಅಳೆದದ್ದೋ ದಿನಕ್ಕೊಮ್ಮೆಯೋ, ಇಷ್ಟನ್ನು ಚೀಟಿಯಲ್ಲಿ ಬರೆದುಕೊಂಡು ಒಂದೊಂದೇ ತಾಳೆ ನೋಡಿಸಿದರು. ಅದೇ ಠಾಣೆಯ ಅಂಕಿಗಳು ಮೂರು ಕಡೆ ಸಿಕ್ಕವು, ಮೂರೂ ಅಷ್ಟಿಷ್ಟು ಬೇರೆ. ಒಂದು ಕಡೆಯದ್ದು ಮಾತ್ರ ನನ್ನ ಕಡತದೊಂದಿಗೆ ದಶಮಾಂಶ ಬಿಡದೆ ಹೊಂದಿಕೊಂಡಿತು. ಆ ಪುಟದ ಕೆಳಗೆ ಅಳೆದವರ ಹೆಸರು, ವರ್ಷ, ಆವೃತ್ತಿಯ ಸಂಖ್ಯೆ, ಎಂದಿಗೂ ಬದಲಾಗದ ಡಿಓಐ ಗುರುತು, ಇದನ್ನು ಹೀಗೆ ಉಲ್ಲೇಖಿಸಿ ಎಂಬ ಸೂಚನೆ, ಎಲ್ಲ ಇತ್ತು.

“ನೋಡು, ಇದು ಮನೆ ಹೆಸರು,” ಎಂದು ಡಿಓಐ ಮೇಲೆ ಬೆರಳಿಟ್ಟರು. “ಹಳೇ ಮನೆ ಕೆಡವಿ ಹೊಸ್ತು ಕಟ್ಟಿದ್ರೂ, ರಸ್ತೆಯ ಆಚೆ ಹೋಗಿ ಕಟ್ಟಿದ್ರೂ, ಮನೆ ಹೆಸರು ಅದೇ ಅಲ್ವಾ. ಇದನ್ನು ಹಿಡ್ಕೊಂಡ್ರೆ ದಾರಿ ತಪ್ಪುದಿಲ್ಲ.”

ನನಗೆ ಅಲ್ಲಿಗೆ ಕೆಲಸ ಮುಗಿದಿತ್ತು. ಅವರಿಗೆ ಮುಗಿದಿರಲಿಲ್ಲ. ಉಳಿದ ಅನ್ನಕ್ಕೆ ಮಜ್ಜಿಗೆ ಕಲಸುತ್ತ ಪರದೆಯ ಅಂಕಿಗಳನ್ನು ಸುಮ್ಮನೆ ನೋಡುತ್ತಿದ್ದವರು ಕೈ ನಿಲ್ಲಿಸಿದರು.

“ಈ ಜುಲೈಯಲ್ಲಿ ಎಂತ ಇದು, ಇಡೀ ತಿಂಗಳು ಒಂದೇ ಹಾಗೆ ಉಂಟು? ಚಳಿ ಏರುದೂ ಇಲ್ಲ, ಇಳಿಯುದೂ ಇಲ್ಲ.”

ಕೊನೆಯ ಕೆಲವು ಚಳಿಗಾಲಗಳಲ್ಲೂ ಹಾಗೆಯೇ ಇತ್ತು. ನಾನು ಹೆಮ್ಮೆಯಿಂದ, ಅದೇ ನನ್ನ ಪ್ರಬಂಧದ ತಿರುಳು ಎಂದೆ. ಆ ಠಾಣೆಯಲ್ಲಿ ಚಳಿಗಾಲ ವರ್ಷದಿಂದ ವರ್ಷಕ್ಕೆ ಮೆದುವಾಗುತ್ತಿದೆ ಎಂದು ಇಡೀ ಒಂದು ಅಧ್ಯಾಯ ಬರೆದಿದ್ದೆ. ಮೇಡಂ ಕೈ ತೊಳೆದು ಬಂದು ತಮ್ಮ ಅಪ್ಪನ ಕಥೆ ಹೇಳಿದರು. ನಮ್ಮ ಕಡೆಯ ಅನೇಕ ಕೃಷಿಕರಂತೆ ಅವರ ಅಪ್ಪ ಅಂಗಳದಲ್ಲಿ ಮಳೆಮಾಪಕ ಇಟ್ಟು, ಬೆಳಿಗ್ಗೆ ಬೆಳಿಗ್ಗೆ ಎಷ್ಟು ಮಳೆಯೆಂದು ಪುಸ್ತಕದಲ್ಲಿ ಬರೆಯುತ್ತಿದ್ದರಂತೆ. ಒಂದು ಆಟಿ ತಿಂಗಳಲ್ಲಿ, ಅಂದರೆ ಜುಲೈ, ಆಗಸ್ಟಿನ ಜಡಿಮಳೆಯಲ್ಲಿ, ಹೊರಗೆ ಧೋ ಎಂದು ಸುರಿಯುತ್ತಿದ್ದರೂ ಮಾಪಕದೊಳಗೆ ನೀರಿಲ್ಲ. ಹೋಗಿ ನೋಡಿದರೆ ಅದರ ಬಾಯಿಗೆ ಸಾಗುವಾನಿಯ ಒಂದು ಎಲೆ ಮುಚ್ಚಿಕೊಂಡಿದೆ.

“ಅಪ್ಪ ಸೊನ್ನೆ ಬರೀಲಿಲ್ಲ. ಅಂದಾಜಿಗೂ ಬರೀಲಿಲ್ಲ. ‘ಎಲೆ ಬಿದ್ದಿತ್ತು’ ಅಂತ ಬರೆದ್ರು. ಇಲ್ಲಿಯೂ ಮೇಲೆ ಎಂತದೋ ಬಿದ್ದಿದೆ, ನೋಡು. ಅಲ್ಲಿ ಸಾಗುವಾನಿ ಇಲ್ಲ. ಹಿಮ ಉಂಟಲ್ಲ.”

ನನಗೆ ಕೋಪ ಬಂತು. ನಾಲ್ಕು ವರ್ಷದ ಕೆಲಸ, ಸಲ್ಲಿಸಲು ಉಳಿದಿದ್ದದ್ದು ನಾಲ್ಕು ತಿಂಗಳು. “ಅಷ್ಟು ದೊಡ್ಡ ಕೇಂದ್ರದವರು ಪ್ರಕಟಿಸಿದ್ದು ಮೇಡಂ. ಅವರ ಹೆಸರು ಹಾಕಿಯೇ ಬಳಸುವುದಲ್ವಾ? ತಪ್ಪಿದ್ದರೆ ಅವರದ್ದು,” ಎಂದೆ.

“ಹೌದು, ಅವರದ್ದೇ. ನಿನ್ನನ್ನು ಯಾರೂ ಕೇಳುದಿಲ್ಲ,” ಎಂದರು. ಬುತ್ತಿಯ ಮುಚ್ಚಳ ಹಾಕುತ್ತ, “ಆದ್ರೆ ಈಗ ನಿಂಗೆ ಗೊತ್ತಾಯ್ತಲ್ಲ ಮಾರಾಯ್ತಿ,” ಎಂದರು.

ಒಂದು ವಾರ ನಾನು ಗ್ರಂಥಾಲಯದ ಕಡೆ ತಲೆ ಹಾಕಲಿಲ್ಲ. ಮನಸ್ಸಿನಲ್ಲೇ ಅವರಿಗೆ ಬೈದೆ. ಆಕರ ಹುಡುಕಿಕೊಡಿ ಎಂದರೆ ಅಡಿಪಾಯವನ್ನೇ ಅಗೆದು ಕೊಟ್ಟವರು. ಆದರೆ ಬಸ್ಸಿನಲ್ಲಿ ಕುಳಿತು ಲ್ಯಾಪ್‌ಟಾಪ್ ತೆರೆದರೆ ಸಾಕು, ಆ ಅಲುಗಾಡದ ಜುಲೈ ಕಣ್ಣಿಗೆ ಬೀಳುತ್ತಿತ್ತು. ಕೊನೆಗೆ ನಾನೇ ಹೋದೆ. ಅವರು ಏನೂ ಆಗದವರಂತೆ ಕುರ್ಚಿ ಎಳೆದುಕೊಟ್ಟರು. ಇಬ್ಬರೂ ಸೇರಿ ಆ ಕೇಂದ್ರಕ್ಕೆ ಇಮೇಲ್ ಬರೆದೆವು. ನಾನು ‘ದೋಷವಿದೆ’ ಎಂದು ಬರೆದದ್ದನ್ನು ಅವರು ‘ಸಂಶಯವಿದೆ’ ಎಂದು ತಿದ್ದಿಸಿದರು. ಗಮನಿಸಿದವರು ನೀವು, ನಿಮ್ಮ ಹೆಸರು ಹಾಕುತ್ತೇನೆ ಎಂದಾಗ, “ನಂದು ಎಂತಕ್ಕೆ? ಆ ಚಳಿಯಲ್ಲಿ ನಿಂತು ಅಳೆಯುವ ಕಂಬ ನೆಟ್ಟದ್ದು ನಾನಾ?” ಎಂದು ಗದರಿದರು. ಅವರು ಅತ್ತ ತಿರುಗಿದಾಗ ಹಾಕಿಯೇ ಕಳುಹಿಸಿದೆ. ಸಂಶಯ ಯಾರ ಮನೆಯದ್ದೆಂದು ಹೇಳಬೇಕಲ್ಲ.

ಉತ್ತರ ಬರಲು ಮೂರು ವಾರ ಹಿಡಿಯಿತು. ವರ್ಷ ವರ್ಷ ಹಿಮ ರಾಶಿ ಬಿದ್ದು ಬಿದ್ದು, ಉಷ್ಣತೆ ಅಳೆಯುವ ಉಪಕರಣ ಚಳಿಗಾಲದಲ್ಲಿ ಪೂರ್ತಿ ಹೂತುಹೋಗುತ್ತಿತ್ತಂತೆ. ಅದು ಗಾಳಿಯನ್ನು ಬಿಟ್ಟು, ಗಾಳಿಗಿಂತ ಬೆಚ್ಚಗೆ, ಏರಿಳಿತವಿಲ್ಲದೆ ಇರುವ ಹಿಮದ ಒಳಗನ್ನು ಅಳೆಯುತ್ತಿತ್ತು. ಅವರು ಆ ತಿಂಗಳುಗಳನ್ನು ಗುರುತು ಹಾಕಿ, ದತ್ತಾಂಶದ ಎರಡನೇ ಆವೃತ್ತಿ ಹೊರಡಿಸುತ್ತೇವೆಂದು ಬರೆದಿದ್ದರು. ನನ್ನ ಅಧ್ಯಾಯ ಅಲ್ಲಿಗೆ ಕುಸಿಯಿತು. ನಾನು ಅತ್ತೂಬಿಟ್ಟೆ. ಮಾರ್ಗದರ್ಶಕರು ಮುಖ ಸಿಂಡರಿಸಿದರು. ಮತ್ತೆ ಲೆಕ್ಕ ಹಾಕಿದಾಗ ಸಿಕ್ಕ ಫಲಿತಾಂಶ ಹೇಳಿಕೊಳ್ಳುವಷ್ಟು ದೊಡ್ಡದಾಗಿರಲಿಲ್ಲ, ಆದರೆ ನಿಲ್ಲುವಂಥದ್ದಾಗಿತ್ತು. ಗಡುವಿಗೆ ಎರಡು ದಿನ ಮುಂಚೆ ಸಲ್ಲಿಸಿದೆ. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಕೇಳಿದ್ದು ಹೆಚ್ಚಾಗಿ ಆ ಹೂತುಹೋದ ಉಪಕರಣದ ಬಗ್ಗೆಯೇ. ಪದವಿ ಬಂತು, ಕೆಲಸ ಉಳಿಯಿತು.

ಅಷ್ಟರಲ್ಲಿ ಮೇಡಂ ನಿವೃತ್ತರಾಗಿ ಕಡಬದ ಹತ್ತಿರ ತಂಗಿಯ ಮನೆಯಲ್ಲಿದ್ದರು. ಒಂದು ಭಾನುವಾರ ಪ್ರಬಂಧದ ಪ್ರತಿ ಹಿಡಿದು ಹೋದೆ. ಸ್ವಲ್ಪ ಸೊರಗಿದ್ದರು, ಸ್ವರ ಮಾತ್ರ ಹಾಗೇ ಇತ್ತು. ಫೋನ್ ತೆಗೆದು ಎರಡನೇ ಆವೃತ್ತಿಯ ಪುಟ ತೋರಿಸಿದೆ. ಬದಲಾವಣೆಗಳ ಟಿಪ್ಪಣಿಯಲ್ಲಿ ಒಂದು ಸಾಲಿತ್ತು. ದೋಷವನ್ನು ಗಮನಕ್ಕೆ ತಂದವರು ವಾರಿಜ, ಗ್ರಂಥಪಾಲಕಿ, ಸುಳ್ಯ, ಕೇರಳ.

ನಾಚುತ್ತಾರೆ, ಗದರುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ, ಏನೇನೋ ಎಣಿಸಿಕೊಂಡು ಹೋಗಿದ್ದೆ. ಅವರು ಕನ್ನಡಕ ಇಳಿಸಿ ಎರಡು ಸಲ ಓದಿದರು.

“ಕೇರಳವಾ?” ಎಂದರು. “ಗಡಿ ಹತ್ತಿರ ಉಂಟು ಅಂತ ಆಚೆ ದೂಡಿಬಿಡುದಾ? ಬರಿ. ಈಗ್ಲೇ ಬರಿ ಅವರಿಗೆ.”

ಮೇಡಂ, ಅಷ್ಟು ಸಣ್ಣ ವಿಷಯಕ್ಕೆ ಬರೆಯುವುದು ಹೇಗೆ ಎಂದೆ. “ಹೆಸರು ಹಾಕ್ಬೇಡ ಅಂದಿದ್ದೆ, ಹಾಕಿದಿ. ಹಾಕಿದ ಮೇಲೆ ಸರಿ ಇರ್ಬೇಕು,” ಎಂದು ಪಕ್ಕದಲ್ಲೇ ಕೂರಿಸಿಕೊಂಡು ಬರೆಸಿದರು. ಬರೆದು ಮುಗಿದ ಮೇಲೆ ಕಾಫಿ ಬಂತು. ಹೊರಡುವಾಗ ಒಂದು ಮಲ್ಲಿಗೆಯ ಗೆಲ್ಲನ್ನು ಕಾಗದದಲ್ಲಿ ಸುತ್ತಿ ಕೊಟ್ಟು, ಅದು ಯಾರ ಮನೆಯದ್ದೆಂದು ಎರಡು ಸಲ ಹೇಳಿದರು.

ಅದೇ ಕೊನೆ. ಮುಂದಿನ ತಿಂಗಳು ಅವರ ತಂಗಿ ಫೋನ್ ಮಾಡಿ, ಅಕ್ಕ ಬೆಳಿಗ್ಗೆ ಏಳಲಿಲ್ಲ ಎಂದರು. ಹಿಮದೇಶದಿಂದ ಉತ್ತರ ಬಂದದ್ದು ಅದಾದ ಹನ್ನೆರಡನೇ ದಿನ. ವಿಷಾದಿಸುತ್ತೇವೆ, ಊರನ್ನು ತಿದ್ದಿದ್ದೇವೆ, ಆವೃತ್ತಿ ಈಗ 2.1 ಆಗಿದೆ ಎಂದಿತ್ತು. ತೋರಿಸಲು ಅವರಿಲ್ಲವಲ್ಲ ಎಂದು ಬಸ್ಸಿನಲ್ಲೇ ಅತ್ತೆ.

ಈಗ ನನ್ನ ವಿದ್ಯಾರ್ಥಿಗಳಿಗೆ ಮೊದಲ ಅಭ್ಯಾಸಕ್ಕೆ ಆ ದತ್ತಾಂಶವನ್ನೇ ಕೊಡುತ್ತೇನೆ. ಕಳೆದ ವಾರ ಒಬ್ಬಳು ಉಲ್ಲೇಖದಲ್ಲಿ ಬರೀ ‘ಆವೃತ್ತಿ 2’ ಎಂದು ಬರೆದಿದ್ದಳು. ಸರಿ ಮಾಡೆಂದರೆ, “ಪಾಯಿಂಟ್ ಒಂದು ಬಿಟ್ರೆ ಎಂತಾಗ್ತದೆ ಮೇಡಂ? ಅಂಕಿ ಎಲ್ಲ ಒಂದೇ ಅಲ್ವಾ?” ಎಂದು ಕೇಳಿದಳು.

“ಬಿಟ್ರೆ ಸುಳ್ಯ ಕೇರಳಕ್ಕೆ ಹೋಗ್ತದೆ,” ಎಂದೆ.

ಇಡೀ ತರಗತಿ ನಕ್ಕಿತು. ನಾನು ಬೋರ್ಡಿನ ಕಡೆ ತಿರುಗಿ, ಅವರ ನಗು ಮುಗಿಯುವವರೆಗೂ ಏನೋ ಒರೆಸುತ್ತ ನಿಂತೆ.