ಪಕ್ಕದ ಮನೆಯ ಕೇಪು

ಇವತ್ತು ಬೆಳಿಗ್ಗೆ ಚಪ್ಪಲಿ ಸ್ಟ್ಯಾಂಡ್ ಒರೆಸುತ್ತಿದ್ದೆ. ಕಾಲಿಗೆ ಹಿಡಿಯುವುದಿಲ್ಲವೆಂದು ನನ್ನ ಗಂಡ ಮೂಲೆಗೆ ಹಾಕಿದ ಶೂ ಒಳಗಿಂದ ಗ್ಯಾಸ್ ಲೈಟರ್ ಒಂದು ಹೊರಬಿತ್ತು. ನೀವಾಗಿದ್ದರೆ ಗಾಬರಿಯಾಗುತ್ತಿದ್ದಿರಿ. ನಾನು ನೆಲದ ಮೇಲೇ ಕೂತು ನಕ್ಕೆ. ಅದನ್ನು ಅಲ್ಲಿಟ್ಟದ್ದು ಅಪ್ಪ. ಫುಟ್ಬಾಲ್ ವಿಶ್ವಕಪ್ಪಿನ ವರ್ಷ, ಅವರು ದೋಹಾದ ಅಬು ಹಮೂರ್‌ನ ಈ ಮನೆಗೆ ಬಂದಿದ್ದಾಗ.

ಅಪ್ಪನ ಈ ಬಚ್ಚಿಡುವ ರೋಗ ಅರ್ಥವಾಗಬೇಕಾದರೆ ನಿಮ್ಮನ್ನು ಸ್ವಲ್ಪ ಹೊತ್ತು ಬಂಟ್ವಾಳದ ಕಡೆ ಕರೆದೊಯ್ಯಬೇಕು. ಬೆಳೆ ಕಾಯಲು ಲೈಸೆನ್ಸಿನ ಕೋವಿ ಇದ್ದ ಮನೆ ನಮ್ಮದು. ಕೋವಿಗೆ ಹೊಸ ತೋಟೆ ಕೊಳ್ಳುವುದೆಂದರೆ ಅಪ್ಪನ ಲೆಕ್ಕದಲ್ಲಿ ದುಂದು. ಹೊಡೆದು ಖಾಲಿಯಾದ ತೋಟೆಗೇ ಮತ್ತೆ ಮದ್ದು ತುಂಬಿ, ಬುಡಕ್ಕೆ ಹೊಸ ಕೇಪು ಕೂರಿಸುತ್ತಿದ್ದರು. ಕೇಪು ಎಂದರೆ ಪೆಟ್ಟು ಬಿದ್ದೊಡನೆ ಕಿಡಿ ಕೊಡುವ, ಬೆರಳ ತುದಿಯಲ್ಲಿ ನಿಲ್ಲುವಷ್ಟು ಪುಟ್ಟ ಲೋಹದ ಬಟ್ಟಲು. ಮದ್ದು ಇದ್ದದ್ದು ಒಲೆಯಿಂದ ದೂರದ ಕೋಣೆಯಲ್ಲಿ, ಮರದ ಪೆಟ್ಟಿಗೆಯೊಳಗೆ. ಬೀಗದ ಕೈ ಅಪ್ಪನ ಸೊಂಟದಲ್ಲಿ. ಆ ಕೋಣೆಗೆ ದೀಪ ಒಯ್ಯುವಂತಿಲ್ಲ. ಬೀಡಿಯೆಂದರೆ ಪ್ರಾಣ ಬಿಡುವ ಅಪ್ಪ ಕೂಡ ಅದನ್ನು ಅಂಗಳದಲ್ಲೇ ಹೊಸಕಿ, ಕೈ ತೊಳೆದು ಒಳಗೆ ಹೋಗುತ್ತಿದ್ದರು.

ಕೇಪು ಮಾತ್ರ ನಮ್ಮ ಮನೆಯಲ್ಲಿರಲಿಲ್ಲ. ಅದು ಪಕ್ಕದ ಸಂಜೀವ ಮಾಮನ ಮನೆಯಲ್ಲಿ. ಮಾಮನಿಗೂ ಒಂದು ಕೋವಿ ಇತ್ತು. ಎರಡೂ ಮನೆಯ ಮದ್ದು ನಮ್ಮಲ್ಲಿ, ಎರಡೂ ಮನೆಯ ಕೇಪು ಅವರಲ್ಲಿ. ಮದ್ದೂ ಕಿಡಿಯೂ ಒಂದೇ ಸೂರಿನಡಿ ಇರಬಾರದೆಂದು ಅಜ್ಜಂದಿರ ಕಾಲದ ಏರ್ಪಾಡು. ಥಂಡಿ ಹಿಡಿಯಬಾರದೆಂದು ಮಾಮ ಕೇಪಿನ ಡಬ್ಬಿಯನ್ನು ಅಕ್ಕಿಯೊಳಗೆ ಹೂತಿಡುತ್ತಿದ್ದರು. ಭಾನುವಾರ ಡಬ್ಬಿ ಹಿಡಿದು ನಮ್ಮ ಜಗಲಿಗೆ ಬಂದರೆಂದರೆ ಮುಗಿಯಿತು, ತೋಟೆ ತುಂಬುವುದು ಕಡಿಮೆ, ಊರಿನವರ ವಿಚಾರಣೆ ಜಾಸ್ತಿ. ಅಮ್ಮ ಚಾ ಮಾಡಿ ಮಾಡಿ ಸುಸ್ತು.

ಇಂಥವರ ಮಾತು ನಿಂತದ್ದು ನನ್ನ ಮದುವೆಯ ದಿನ. ಊಟದ ಪಂಕ್ತಿಯಲ್ಲಿ ಮಾಮ ಪಾಯಸವನ್ನು ಸೊರ್ರೆಂದು ಸುರಿದು, "ಇದಕ್ಕೆ ಬೆಲ್ಲ ಹಾಕ್ಲಿಕ್ಕೆ ಮರ್ತಿದ್ದಾ ಹೇಗೆ?" ಎಂದು ಎಲ್ಲರಿಗೂ ಕೇಳುವಂತೆ ಅಂದುಬಿಟ್ಟರು. ಗಂಡಿನ ಕಡೆಯವರು ನಕ್ಕರು. ಅಪ್ಪನ ಮುಖ ಕಪ್ಪಿಟ್ಟಿತು. ಅಷ್ಟೇ ನೋಡಿ! ಅಲ್ಲಿಂದ ಇವರು ಅತ್ತ ಹೋಗಲಿಲ್ಲ, ಅವರು ಇತ್ತ ಬರಲಿಲ್ಲ. ಇವರಲ್ಲಿ ಕೇಪಿಲ್ಲ, ಅವರಲ್ಲಿ ಮದ್ದಿಲ್ಲ. ಎರಡು ಕೋವಿಗಳೂ ಗೋಡೆಯಲ್ಲಿ ತೂಗಾಡಿದವು, ಮಂಗಗಳಿಗೆ ಹಬ್ಬವೋ ಹಬ್ಬ. ನನ್ನ ಮದುವೆಯಿಂದ ನಿಜವಾಗಿ ಲಾಭವಾದದ್ದು ಮಂಗಗಳಿಗೇ ಎಂದು ನನ್ನ ಗಂಡ ಈಗಲೂ ಹೇಳುವುದುಂಟು.

ಇರಲಿ, ದೋಹಾಕ್ಕೆ ಬರೋಣ. ನಮ್ಮ ಅಡುಗೆಮನೆಯಲ್ಲಿ ಸಿಲಿಂಡರ್ ಪಕ್ಕದಲ್ಲೇ ಲೈಟರ್ ನೇತಾಡುವುದನ್ನು ಕಂಡು ಅಪ್ಪ ಹೌಹಾರಿದರು. ಮರುದಿನ ಬೆಳಿಗ್ಗೆ ಲೈಟರ್ ಮಾಫಿ, ಅಂದರೆ ಇಲ್ಲಿಯವರ ಮಾತಿನಲ್ಲಿ ನಾಪತ್ತೆ. ಆಫೀಸಿಗೆ ಹೊತ್ತಾಗಿತ್ತು, ಮುಶೈರಿಬ್‌ನ ಟ್ರಾಫಿಕ್ ಬೇರೆ.

"ಅಪ್ಪಾ, ಲೈಟರ್ ಎಲ್ಲಿ?"

"ಗ್ಯಾಸ್ ಇದ್ದಲ್ಲೇ ಬೆಂಕಿ ಇಡ್ತಾರಾ ಮಾರಾಯ್ತಿ? ಓದಿದವಳು ನೀನು!"

ಒಂದು ದಿನ ಅದು ಬಟ್ಟೆಯ ಕಪಾಟಿನಲ್ಲಿ, ಇನ್ನೊಂದು ದಿನ ಬಾಲ್ಕನಿಯ ತುಳಸಿಯ ಹಿಂದೆ. "ಯಲ್ಲಾ, ಹೊರಡುವ, ಇವತ್ತೂ ಚಾ ಖಲಾಸ್," ಎನ್ನುತ್ತ ನನ್ನ ಗಂಡ ಮೆಟ್ಟಿಲಿಳಿಯುತ್ತಿದ್ದರು.

ಹಾಗಿರುವಾಗ ಒಂದು ಸಂಜೆ ಅಪ್ಪ ಮೆಲ್ಲನೆ ವಿಷಯ ತೆಗೆದರು. ಕಣ್ಣಿಗೆ ಪೊರೆ ಬಂದಿದೆ, ಊರಿಗೆ ಹೋದ ಮೇಲೆ ಕೋವಿ, ಮದ್ದು ಎಲ್ಲ ಠಾಣೆಗೆ ಒಪ್ಪಿಸಿ ಲೈಸೆನ್ಸ್ ಬಿಟ್ಟುಬಿಡುವುದು ಎಂದರು. "ಗುರಿ ಹಿಡಿದ್ರೆ ಒಂದು ಮಂಗ ಎರಡಾಗಿ ಕಾಣ್ತದೆ."

"ಹಾಗಾದ್ರೆ ಕೇಪೂ ಕೊಡ್ಬೇಕಲ್ಲ ಅಪ್ಪ. ಮಾಮನ ಹತ್ರ ಕೇಳಿ ತನ್ನಿ," ಎಂದೆ.

ಅಪ್ಪ ಸೊಂಟ ಮುಟ್ಟಿ ಬೀಗದ ಕೈ ಇದೆಯೇ ಎಂದು ನೋಡಿಕೊಂಡರು. ಆಮೇಲೆ, "ಅದನ್ನೂ ತಂದ್ರೆ ಆ ಮನೆಯಲ್ಲಿ ಮತ್ತೆ ನಮ್ಮದು ಅಂತ ಎಂತ ಉಂಟು ಮಗಾ?" ಎಂದರು.

ಇಷ್ಟು ವರ್ಷ ಅಪ್ಪ ಕೇಪು ವಾಪಸ್ ಕೇಳದ್ದನ್ನು ನಾನು ಬರೀ ಹಟ ಎಂದುಕೊಂಡಿದ್ದೆ. ಬೆಂಕಿಯ ಹೆದರಿಕೆಯೊಂದೇ ಆಗಿದ್ದರೆ ನಮ್ಮ ಅಜ್ಜನಿಗೆ ಇನ್ನೊಂದು ಕೋಣೆ ಸಾಕಾಗುತ್ತಿತ್ತಲ್ಲವೇ, ಪಕ್ಕದ ಮನೆ ಯಾಕೆ ಬೇಕಿತ್ತು?

ಸಂಜೀವ ಮಾಮನೂ ಆಗ ಕತಾರಿನಲ್ಲೇ ಇದ್ದರು, ಲುಸೈಲ್‌ನಲ್ಲಿ ಮಗ ಪ್ರವೀಣನ ಮನೆಯಲ್ಲಿ. ಪ್ರವೀಣನಿಗೆ ಫೋನ್ ಮಾಡಿದೆ. ಶುಕ್ರವಾರ ಮಧ್ಯಾಹ್ನ ಊಟ, ಮ್ಯಾಚು ಎಂದು ನಿಶ್ಚಯವಾಯಿತು. ಯಾರ ಮನೆಗೆ ಎಂದು ಅಪ್ಪನಿಗೆ ಹೇಳಿದೆ. ಬರುವುದಿಲ್ಲ ಎನ್ನುತ್ತಾರೆಂದು ಕಾದೆ. ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ನಾನು ಪಾಯಸ ಮಾಡಿ ಕಟ್ಟಿಕೊಂಡೆ.

ಅಲ್ಲಿ ಹೋದರೆ ಮನೆಯೆಲ್ಲ ಅಲ್ಲೋಲಕಲ್ಲೋಲ. ಮ್ಯಾಚ್ ಶುರುವಾಗುವ ಹೊತ್ತು, ಟಿವಿ ರಿಮೋಟಿನಲ್ಲಿ ಸೆಲ್ ಇಲ್ಲ. ಸೆಲ್ ಸಿಡಿಯುತ್ತದೆಂದು ಯಾರೋ ವಾಟ್ಸಾಪಿನಲ್ಲಿ ಕಳಿಸಿದ್ದನ್ನು ನಂಬಿ ಮಾಮ ತೆಗೆದಿಟ್ಟಿದ್ದಾರೆ. ಎಲ್ಲಿ ಎಂಬುದು ಮರೆತುಹೋಗಿದೆ.

"ಅಕ್ಕ, ಇವರದ್ದು ದಿನಾ ಇದೇ ಕಥೆ," ಎಂದ ಪ್ರವೀಣ ಸೋಫಾದ ಅಡಿಯಿಂದ.

ಅಪ್ಪ ಯಾರನ್ನೂ ನೋಡದೆ ನೆಟ್ಟಗೆ ಅಡುಗೆಮನೆಗೆ ನಡೆದರು. ಅಕ್ಕಿ ಡಬ್ಬದ ಮುಚ್ಚಳ ತೆಗೆದು ಮೊಣಕೈವರೆಗೆ ಕೈ ಹಾಕಿದರು. ಸೆಲ್ ಎರಡೂ ಬಂದವು.

ಮಾಮ ಬಾಗಿಲಲ್ಲಿ ನಿಂತಿದ್ದರು. "ನಿನಗೆ ನೆನಪುಂಟಾ?"

"ನಿನ್ನ ಬುದ್ಧಿ ನನಗೆ ಗೊತ್ತಿಲ್ವಾ?" ಎಂದರು ಅಪ್ಪ.

ಊಟಕ್ಕೆ ಕೂತಾಗ ಪಾಯಸ ನಾನೇ ಬಡಿಸಿದೆ. ಮಾಮ ಒಂದು ಗುಟುಕು ಸುರಿದರು, ಮುಖ ಕಿವುಚಿದರು. "ಬೆಲ್ಲ ಹೆಚ್ಚಾಯ್ತಲ್ಲ!" ಅಪ್ಪ ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. "ಮದುವೆಯಲ್ಲಿ ಬಿಟ್ಟುಹೋದದ್ದೂ ಸೇರಿಸಿ ಹಾಕಿದ್ದಾಳೆ, ತಿನ್ನು!" ಮಾಮನೂ ನಕ್ಕು ನಕ್ಕು ಕೆಮ್ಮಿದರು. ಆ ಮ್ಯಾಚಿನಲ್ಲಿ ಯಾರು ಗೆದ್ದರೋ ದೇವರಾಣೆ ನನಗೆ ನೆನಪಿಲ್ಲ.

ಊರಿಗೆ ಹೋದ ಮೇಲೆ ಇಬ್ಬರೂ ಒಂದೇ ದಿನ ಠಾಣೆಗೆ ಹೋಗಿ ಎಲ್ಲ ಒಪ್ಪಿಸಿದರು. ಮದ್ದು ಒಂದು ಜೀಪಿನಲ್ಲಿ, ಕೇಪು ಹಿಂದಿನ ಜೀಪಿನಲ್ಲಿ. ಒಂದೇ ಗಾಡಿಯಲ್ಲಿ ಒಯ್ಯಲು ಇಬ್ಬರೂ ಒಪ್ಪಲಿಲ್ಲವಂತೆ.

ಲೈಟರ್ ಕೈಯಲ್ಲಿ ಹಿಡಿದೇ ಇವತ್ತು ಅಪ್ಪನಿಗೆ ಫೋನ್ ಮಾಡಿದೆ. ಅಮ್ಮ ಎತ್ತಿದರು. "ಅವರೆಲ್ಲಿ ಮನೆಯಲ್ಲಿರ್ತಾರೆ? ಸಂಜೀವಣ್ಣನ ಜಗಲಿಯಲ್ಲಿ. ಬೆಳಿಗ್ಗೆಯಿಂದ ಇದು ಮೂರನೇ ಸಲ."

"ಈಗ ಅಲ್ಲಿ ಎಂತ ಕೆಲಸ? ಕೇಪು ಕೊಟ್ಟಾಯ್ತಲ್ಲ?"

"ಬೀಡಿ ಕಟ್ಟು ನಮ್ಮಲ್ಲಿ ಉಂಟು. ಬೆಂಕಿಪೆಟ್ಟಿಗೆ ಅವರ ಮನೆಯಲ್ಲಿ ಇಟ್ಟಿದ್ದಾರೆ."

ಫೋನಿಟ್ಟು ಲೈಟರನ್ನು ಒರೆಸಿದೆ. ಅಡುಗೆಮನೆಗೆ ಒಯ್ಯಲು ಎದ್ದವಳು ತಿರುಗಿ ಬಂದು ಅದನ್ನು ಅದೇ ಶೂ ಒಳಗೆ ಇಟ್ಟೆ. ಈ ಮನೆಯಲ್ಲೂ ಅಪ್ಪನದು ಅಂತ ಒಂದು ಇರಲಿ.