ಮೂಗಿನಕ್ಕ ಒರೆಸಿದ ಬಟ್ಟಲು

ಆ ಎಣ್ಣೆ ಡಿಪೋದಲ್ಲಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವಳು ಮೂಗಿನಕ್ಕ. ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸಿದ್ದರೆ ಬಾಟಲಿಯ ಮುಚ್ಚಳ ತೆಗೆಯುವಷ್ಟರಲ್ಲೇ ಹೇಳಿಬಿಡುತ್ತಿದ್ದಳು. ಲ್ಯಾಬಿನ ಯಂತ್ರ ಆಮೇಲೆ ಹೌದು ಅನ್ನುತ್ತಿತ್ತು. ಮದುವೆಯಾದ ಹೊಸದರಲ್ಲಿ ಅತ್ತೆ ಬಚ್ಚಿಟ್ಟ ನಶ್ಯದ ಡಬ್ಬಿಯನ್ನು ವಾಸನೆಯಿಂದಲೇ ಪತ್ತೆ ಮಾಡಿದ್ದಳಂತೆ. ಅತ್ತೆ ಒಂದು ವಾರ ಮಾತು ಬಿಟ್ಟಿದ್ದಳು. ಅದು ಬೇರೆ ಕತೆ, ಇರಲಿ.

ಇಪ್ಪತ್ತಾರು ವರ್ಷ ಅದೇ ಮೂಲೆಕೋಣೆ, ಅದೇ ಕಲ್ಲಿನ ಮೇಜು, ಅದೇ ಹಿತ್ತಾಳೆ ಬಟ್ಟಲು. ನಿಂತು ನಿಂತು ಕಾಲು ಮರಗಟ್ಟಿದ್ದವು, ಪಾಪ. ಮೂಗು ಯಾವಾಗ ಕೈಕೊಟ್ಟಿತೋ ಅವಳಿಗೂ ತಿಳಿಯದು. ಒಂದು ಬೆಳಿಗ್ಗೆ ಒಲೆಯ ಮೇಲೆ ಹಾಲು ಸೀದು ತಳ ಹಿಡಿದಿದೆ, ಇವಳು ಪಕ್ಕದಲ್ಲೇ ನಿಂತು ತಲೆ ಬಾಚಿಕೊಳ್ಳುತ್ತಿದ್ದಾಳೆ.

"ಮೂಗನ್ನ ಆಫೀಸಲ್ಲೇ ಬಿಟ್ಟು ಬಂದ್ಯೇನೇ?" ಎಂದಳು ಅತ್ತೆ.

ನೆಗಡಿ ಅಂದಳು ಇವಳು. ಆ ನೆಗಡಿಗೆ ಈಗ ಎರಡು ವರ್ಷ. ಡಿಪೋದಲ್ಲಿ ಯಾರಿಗೂ ಹೇಳಿರಲಿಲ್ಲ.

ಅಂದು ಬಂದದ್ದು ಒಂದು ಡೀಸೆಲ್ ಟ್ಯಾಂಕರ್. ಪರೀಕ್ಷೆ ಇಷ್ಟೇ: ಬಟ್ಟಲಿಗೆ ಎಣ್ಣೆ ಸುರಿದು ಮುಚ್ಚಿ, ನಿಧಾನವಾಗಿ ಬಿಸಿ ಮಾಡುತ್ತ, ಪ್ರತಿ ಡಿಗ್ರಿಗೂ ಒಂದು ಪುಟ್ಟ ಉರಿಯನ್ನು ಒಳಗೆ ಇಣುಕಿಸಬೇಕು. ಮೂವತ್ತೈದು ದಾಟುವ ತನಕ ಆವಿ ಹೊತ್ತಿಕೊಳ್ಳಬಾರದು. ಇಪ್ಪತ್ತೆಂಟಕ್ಕೇ ಫಕ್ಕನೆ ನೀಲಿ ಮಿಂಚು. ಪೆಟ್ರೋಲ್ ಬೆರೆತಿದೆ ಅಂತಲೇ ಲೆಕ್ಕ. ಡಿಪೋದ ಸಾಹೇಬರಿಗೆ ಫೋನು ಹೋಯಿತು.

"ಗಾಡಿ ನಿಲ್ಲಿಸಿ. ಆ ಡ್ರೈವರ್ ಇನ್ಮೇಲೆ ನಮ್ಮ ಗೇಟಿಗೆ ಬರಬಾರದು," ಎಂದರು ಅವರು.

ಸುದ್ದಿ ಕೇಳಿ ಡ್ರೈವರ್ ಲ್ಯಾಬಿಗೇ ಬಂದ. ನರೆತ ಮೀಸೆ, ಬೆವರು ಸುರಿಯುವ ಮುಖ.

"ಅಕ್ಕಾ, ಹದಿನೆಂಟು ವರ್ಷದಿಂದ ಗಾಡಿ ಓಡಿಸ್ತಿದ್ದೀನಿ. ದಾರೀಲಿ ನೀರು ಕುಡಿಯೋಕೂ ಇಳಿದಿಲ್ಲ."

"ಎಲ್ಲರೂ ಹೀಗೇ ಹೇಳೋದು ಕಣಪ್ಪಾ."

"ಹೇಳ್ತಾರೆ, ನಾನೂ ಹೇಳ್ತಿದ್ದೀನಿ. ಸೀಲ್ ನೀವೇ ನೋಡಿದ್ರಲ್ಲ?"

ಟ್ಯಾಂಕರಿನ ಮುಚ್ಚಳಕ್ಕೆ ಹಾಕಿದ್ದ ಸೀಲ್ ಒಡೆಯದೆ ಹಾಗೇ ಇತ್ತು. ಅವಳಿಗೆ ಕೊರೆಯುತ್ತಿದ್ದದ್ದೂ ಅದೇ. ಡ್ರೈವರ್ ಮೇಜಿನ ಮೇಲಿದ್ದ ಬಟ್ಟೆಯಿಂದ ಮುಖ ಒರೆಸಿಕೊಳ್ಳಲು ಹೋಗಿ ತಟ್ಟನೆ ಕೈ ತೆಗೆದ.

"ಏನಕ್ಕಾ ಇದು, ಬಟ್ಟೇನೋ ಪೆಟ್ರೋಲ್ ಬಂಕೋ?"

ಅವಳು ಬಟ್ಟೆ ಎತ್ತಿ ಮೂಸಿದಳು. ಏನೂ ಇಲ್ಲ. ಮತ್ತೆ ಮೂಸಿದಳು. ಪ್ರತಿ ಪರೀಕ್ಷೆಗೂ ಮುಂಚೆ ಬಟ್ಟಲನ್ನು ಪೆಟ್ರೋಲಿನಲ್ಲಿ ತೊಳೆದು ಗಾಳಿಯಂತ್ರದಲ್ಲಿ ಒಣಗಿಸುವುದು ರೂಢಿ. ಬೆಳಿಗ್ಗೆ ಗಾಳಿಯಂತ್ರ ಕೆಟ್ಟಿತ್ತು. ಇದೇ ಬಟ್ಟೆಯಲ್ಲಿ ಒರೆಸಿ, ಹಳೇ ಅಭ್ಯಾಸದಂತೆ ಮೂಸಿ, ಒಣಗಿದೆ ಅಂದುಕೊಂಡಿದ್ದಳು. ಮುಚ್ಚಳದ ಸಂದಿಯಲ್ಲಿ ಎರಡು ಹನಿ ಉಳಿದರೂ ಸಾಕು, ಒಳ್ಳೆಯ ಎಣ್ಣೆಯೂ ಕಳ್ಳ ಎಣ್ಣೆಯಾಗುತ್ತದೆ.

"ಕೂತ್ಕೋಪ್ಪಾ," ಎಂದಳು.

ಬಟ್ಟಲು ಮುಚ್ಚಳ ಎರಡನ್ನೂ ಮತ್ತೆ ತೊಳೆದು, ಹೊಸ ಬಟ್ಟೆಯಲ್ಲಿ ಒರೆಸಿ, ಕಿಟಕಿಯ ಬಿಸಿಲಿಗೆ ಮುಕ್ಕಾಲು ಗಂಟೆ ಇಟ್ಟಳು. ಆಮೇಲೆ ಅವನ ಮುಂದೆ ಹಿಡಿದಳು.

"ನೀನೇ ಮೂಸಿ ಹೇಳು."

"ವಾಸನೆ ಇಲ್ಲ."

"ಸರಿಯಾಗಿ ನೋಡು."

"ಅಕ್ಕಾ, ಮೂಗಿನಕ್ಕ ನೀವೋ ನಾನೋ?"

ಅವಳು ಬಟ್ಟಲನ್ನು ಮೇಜಿನ ಮೇಲಿಟ್ಟಳು. ಬಟ್ಟಲು ಪೂರ್ತಿ ತಣಿದ ಮೇಲೆ, ಅದೇ ಟ್ಯಾಂಕರಿನಿಂದ ಎತ್ತಿಟ್ಟಿದ್ದ ಎರಡನೇ ಬಾಟಲಿ ತೆರೆದು ಎಣ್ಣೆ ಸುರಿದಳು. ಇಪ್ಪತ್ತೆಂಟು ದಾಟಿತು. ಮೂವತ್ತೈದು ದಾಟಿತು. ನಲವತ್ಮೂರಕ್ಕೆ ಮಿಂಚಿತು.

ಎರಡನೇ ಸಲ ಸರಿ ಬಂತು ಅಂದು ಸುಮ್ಮನಿರಬಹುದಿತ್ತು. ಆದರೆ ಮೊದಲ ಫಲಿತಾಂಶ ಯಾಕೆ ತಪ್ಪಿತೆಂದು ಬರೆಯದಿದ್ದರೆ ಈ ಮನುಷ್ಯನ ಮೇಲಿನ ಅನುಮಾನ ಹೋಗುವುದಿಲ್ಲ. ಸಾಹೇಬರಿಗೆ ಫೋನು ಮಾಡಿದಳು.

"ಬಟ್ಟಲು ಒಣಗಿರಲಿಲ್ಲ ಸರ್. ತಪ್ಪು ನಂದು."

"ನಿಮಗೆ ಗೊತ್ತಾಗ್ಲಿಲ್ವಾ? ನಿಮಗೆ?"

"ಇಲ್ಲ ಸರ್. ವಾಸನೆ ಗೊತ್ತಾಗಲ್ಲ ನಂಗೆ. ಎರಡು ವರ್ಷ ಆಯ್ತು."

"ಅದನ್ನೇ ಬರೆದು ಸಹಿ ಹಾಕಿ. ನಾಳೆ ಮಾತಾಡೋಣ."

ಬರೆದಳು, ಸಹಿ ಹಾಕಿದಳು. ಡ್ರೈವರ್ ಅವಳ ಮುಖವನ್ನೇ ನೋಡುತ್ತ ನಿಂತಿದ್ದವನು, "ಆ ಬಟ್ಟೆ ಹೊರಗಡೆ ಹಾಕಿ ಅಕ್ಕಾ," ಎಂದಷ್ಟೇ ಹೇಳಿ ಗಾಡಿ ಹತ್ತಿದ.

ಅವಳು ಬಟ್ಟಲು ತೊಳೆದು ಒರೆಸಿ ಮೂಗಿನ ತನಕ ಒಯ್ದಳು. ಅರ್ಧದಲ್ಲೇ ಕೈ ಇಳಿಸಿ, ಬಟ್ಟಲನ್ನು ಬಿಸಿಲಿಗಿಟ್ಟು, ಬೆಳಗಿನಿಂದ ಮೊದಲ ಸಲ ಕುರ್ಚಿ ಎಳೆದುಕೊಂಡು ಕೂತಳು.