ಎರಡು ಸಿಲಬಸ್ಸುಗಳ ನಡುವೆ ಬಿದ್ದುಹೋದ ಪಾಠ

ನಮ್ಮಪ್ಪನಿಗೆ ಒಂದು ಮಾತು ಬಾಯಿಪಾಠವಾಗಿತ್ತು. ಮನೆಗೆ ಯಾರೇ ಬರಲಿ, ಚಹಾದ ಕಪ್ಪು ಅವರ ಕೈ ಸೇರುವ ಮೊದಲೇ ಅದು ಹೊರಬೀಳುತ್ತಿತ್ತು. "ಟ್ರಾನ್ಸ್‌ಫರ್ ಅಂದ್ರ ಎಲ್ಲಾರೂ ಅಳ್ತಾರ್ರೀ. ನನ್ನ ಮಗಳನ್ನ ನೋಡ್ರಿ, ಎರಡೂ ರಾಜ್ಯದ ಸಿಲಬಸ್ ಓದ್ಯಾಳ. ಒಂದ ಊರಾಗ ಕೂತವ್ರಿಗೆ ಇಷ್ಟು ಬರ್ತದೇನು?" ಬಂದವರು ನನ್ನ ಕಡೆ ನೋಡಿ ತಲೆದೂಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಪ್ಪ ಬ್ಯಾಂಕಿನಲ್ಲಿ ಆಫೀಸರು. ಹುಬ್ಬಳ್ಳಿಯಿಂದ ವಿಜಯವಾಡಕ್ಕೆ, ಅಲ್ಲಿಂದ ವಿಶಾಖಪಟ್ಟಣಕ್ಕೆ ಬಂದವರು. ಅವರ ಹಿಂದೆ ಟ್ರಂಕು, ಟ್ರಂಕಿನ ಹಿಂದೆ ಅವ್ವ ಮತ್ತು ನಾನು.

ವಿಶಾಖಪಟ್ಟಣದಲ್ಲಿ ಎಂವಿಪಿ ಕಾಲೋನಿಯ ಒಂದು ಮಹಡಿ ಮನೆಯಲ್ಲಿದ್ದೆವು. ಕಿಟಕಿಯ ಸರಳುಗಳಿಗೆ ಎಷ್ಟು ಸಲ ಬಣ್ಣ ಹೊಡೆಸಿದರೂ ಸಮುದ್ರದ ಗಾಳಿಗೆ ಮತ್ತೆ ತುಕ್ಕು ಹಿಡಿಯುತ್ತಿತ್ತು. ಆ ಮನೆಯಿಂದಲೇ ನಾನು ಯೂನಿವರ್ಸಿಟಿಗೆ ಹೋಗಿ ಫಿಸಿಕ್ಸ್ ಎಂ.ಎಸ್ಸಿ. ಓದತೊಡಗಿದ್ದು. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಮುಂದೆ ರಿಸರ್ಚ್ ಮಾಡಬೇಕು, ಲ್ಯಾಬಿನಲ್ಲೇ ಜೀವನ ಕಳೆಯಬೇಕು ಎಂಬುದೊಂದೇ ಆಸೆ. ಬೇರೇನೂ ಬೇಕಿರಲಿಲ್ಲ, ದೇವರಾಣೆ.

ಮೊದಲ ವರ್ಷ ನನ್ನ ಕುತ್ತಿಗೆಗೆ ಬಂದದ್ದು ಥರ್ಮೊಡೈನಮಿಕ್ಸ್ ಮತ್ತು ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್ ಎಂಬ ಪೇಪರು. ಅದರ ಮೊದಲರ್ಧ ನನಗೆ ನೀರು ಕುಡಿದಷ್ಟು ಸುಲಭ. ಹಬೆ, ಒತ್ತಡ, ಇಂಜಿನ್ನು. ಕೊಟ್ಟ ಶಾಖವನ್ನೆಲ್ಲ ಕೆಲಸವಾಗಿಸಲು ಬರುವುದಿಲ್ಲ, ಒಂದಷ್ಟು ಹಾಳಾಗಿ ಹೋಗಲೇಬೇಕು ಎಂಬ ನಿಯಮ. ಎಲ್ಲ ಅರ್ಥವಾಗುತ್ತಿತ್ತು. ಎರಡನೆಯ ಅರ್ಧದಲ್ಲಿ ಅದೇ ಶಾಖವನ್ನು ಕಣಗಳ ಗುಂಪಾಗಿ ನೋಡಬೇಕು. ಇಷ್ಟು ಕಣ, ಇಷ್ಟು ಕೋಶ, ಕಣಗಳು ಕೋಶಗಳಲ್ಲಿ ಎಷ್ಟು ಬಗೆಯಲ್ಲಿ ಕೂರಬಹುದು? ಆ ಎಣಿಕೆಯಿಂದಲೇ ಎಂಟ್ರೊಪಿ ಎಂಬ ಅಸ್ತವ್ಯಸ್ತತೆಯ ಅಳತೆ, ಆ ಎಣಿಕೆಯಿಂದಲೇ ಉಳಿದದ್ದೆಲ್ಲ. ಬೋರ್ಡಿನ ಮೇಲೆ ಮೇಷ್ಟ್ರು ಮೊದಲ ಸಾಲನ್ನು ಬರೆದು ಮುಂದೆ ಹೋಗುತ್ತಿದ್ದರು. ಕ್ಲಾಸಿನವರೆಲ್ಲ ಅವರ ಹಿಂದೆ ಹೋಗುತ್ತಿದ್ದರು. ನಾನು ಆ ಮೊದಲ ಸಾಲಿನಲ್ಲೇ ನಿಂತಿರುತ್ತಿದ್ದೆ. ಅದು ಎಲ್ಲಿಂದ ಬಂತೆಂದು ಯಾರೂ ಕೇಳುತ್ತಿರಲಿಲ್ಲ, ಹೀಗಾಗಿ ನಾನೂ ಕೇಳಲಿಲ್ಲ. ಬಾಯಿಪಾಠ ಮಾಡಿದೆ. ಪರೀಕ್ಷೆಯಲ್ಲಿ ನಡುವಿನ ಒಂದು ಪದ ಮರೆಯಿತು, ಅಷ್ಟೇ, ಉತ್ತರವೆಲ್ಲ ಕುಸಿದು ಬಿತ್ತು. ಉಳಿದ ಪೇಪರುಗಳೆಲ್ಲ ಪಾಸು, ಅದೊಂದು ಫೇಲು.

ಮೇಷ್ಟ್ರನ್ನು ಹೋಗಿ ಕಂಡೆ. ಒಳ್ಳೆಯವರು, ಬೈಯಲಿಲ್ಲ. ಕಾಗದದ ಮೇಲೆ ಒಂದು ಸಣ್ಣ ಲೆಕ್ಕ ಹಾಕಿಕೊಟ್ಟರು: ನಾಲ್ಕು ಚೆಂಡು, ಎರಡು ಡಬ್ಬಿ, ಎಷ್ಟು ಬಗೆಯಲ್ಲಿ ಹಾಕಬಹುದು? ನಾನು ಪೆನ್ನು ಹಿಡಿದು ಕೂತೆ. ಕೂತೇ ಇದ್ದೆ. ಅವರಿಗೆ ಆಶ್ಚರ್ಯವಾಗಿ ಹೋಯಿತು.

"ಇದಿ ಇಂಟರ್ ಲೆಕ್ಕೇ ಕದಮ್ಮಾ! ಅಕ್ಕಡ ಚೆಪ್ಪಲೇದಾ?" ಎಂದರು. ಇದು ಇಂಟರ್‌ಮೀಡಿಯೆಟ್ ಲೆಕ್ಕವಲ್ಲವೇ, ಅಲ್ಲಿ ಹೇಳಿಕೊಡಲಿಲ್ಲವೇ ಎಂದು.

ಯೂನಿವರ್ಸಿಟಿಯ ಇಳಿಜಾರಿನಲ್ಲಿ ನಡೆದು ಬರುವಾಗ ನನಗೆ ಎಲ್ಲ ನೆನಪಾಯಿತು. ಹುಬ್ಬಳ್ಳಿಯಲ್ಲಿ ಪಿಯುಸಿ ಮೊದಲ ವರ್ಷ. ಜೋಡಣೆ, ಆಯ್ಕೆಗಳ, ಅಂದರೆ ಪರ್ಮ್ಯುಟೇಷನ್ ಕಾಂಬಿನೇಷನ್ನಿನ ಆ ಪಾಠ ಪುಸ್ತಕದ ಕೊನೆಗಿತ್ತು. "ಅದು ಮುಂದಿನ ವರ್ಷಕ್ಕದ" ಎಂದರು ಲೆಕ್ಕದ ಮೇಷ್ಟ್ರು. ಅಷ್ಟರಲ್ಲಿ ಅಪ್ಪನ ಟ್ರಾನ್ಸ್‌ಫರ್. ವಿಜಯವಾಡದಲ್ಲಿ ಇಂಟರ್ ಎರಡನೇ ವರ್ಷಕ್ಕೆ ಸೇರಿದೆ. ಅಲ್ಲಿ ಅದೇ ಪಾಠ ಕೇಳಿದರೆ "ಅದಿ ಪೋಯಿನ ಏಡಾದೇ ಅಯಿಪೋಯಿಂದಿ" ಎಂದರು, ಹೋದ ವರ್ಷವೇ ಮುಗಿಯಿತಂತೆ. ಬದಲಿಗೆ ತ್ರಿಕೋನಮಿತಿಯನ್ನು ಎರಡೂ ಊರಲ್ಲಿ ಓದಿದ್ದೆ, ಎರಡು ಸಲ ನೂರಕ್ಕೆ ನೂರು ತೆಗೆದಿದ್ದೆ! ಈ ಒಂದು ಪಾಠ ಮಾತ್ರ ಲಾರಿಯಿಂದ ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು. ಪರೀಕ್ಷೆಗಳಲ್ಲಿ ಆ ಪ್ರಶ್ನೆ ಬಂದರೆ ಚಾಯ್ಸ್‌ನಲ್ಲಿ ಬಿಡುತ್ತಾ ಬಂದೆ. ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್‌ನಲ್ಲಿ ಬಿಡಲಿಕ್ಕೆ ಏನಿದೆ? ಅದರ ತಳಪಾಯವೇ ಅದು. ಎರಡು ಸಿಲಬಸ್ ಓದಿದ ಮಗಳಂತೆ! ಥೂ, ಎನಿಸಿತು.

ಸಪ್ಲಿಮೆಂಟರಿ ಪರೀಕ್ಷೆಗೆ ಕಟ್ಟಿದೆ. ಇನ್ನು ಓದಬೇಕು ಎನ್ನುವಷ್ಟರಲ್ಲಿ ಮತ್ತೆ ಆರ್ಡರು ಬಂತು, ಈ ಸಲ ಹಿಂದಕ್ಕೆ, ವಿಜಯವಾಡಕ್ಕೇ. ಅಪ್ಪ ಊಟದ ತಟ್ಟೆಯ ಮುಂದೆ ಕೂತು ನಿರ್ಧಾರ ಹೇಳಿದರು.

"ನೋಡವ್ವಾ, ಪಾಸಾದ್ರ ಹಾಸ್ಟೆಲ್ ಸೇರಸ್ತೀನಿ, ಎಷ್ಟು ಬೇಕಾದಷ್ಟು ಓದು. ಇಲ್ಲಾಂದ್ರ ಒಂದು ಫೇಲಾದ ಪೇಪರಿನ ಸಲುವಾಗಿ ನಿನ್ನ ಒಬ್ಬಾಕಿನ್ನ ಇಲ್ಲಿ ಬಿಟ್ಟು ಹೋಗಂಗಿಲ್ಲ. ನಮ್ಮ ಜೋಡಿ ಬರಬೇಕು."

ಹಾಗೆಂದವರು ಸುಮ್ಮನೆ ಕೂರಲಿಲ್ಲ. ಜೀವಮಾನದಲ್ಲಿ ಯಾರ ಮುಂದೆಯೂ ಕೈಚಾಚದ ಮನುಷ್ಯ ತಮ್ಮ ಮೇಲಿನ ಸಾಹೇಬರ ಮುಂದೆ ನಿಂತು, ಮಗಳ ಪರೀಕ್ಷೆ ಮುಗಿದು ರಿಸಲ್ಟ್ ಬರುವವರೆಗೆ ಟೈಮ್ ಕೇಳಿದರು. ಸಿಕ್ಕಿತು. ಅಂದು ಮನೆಗೆ ಬಂದು ಷರ್ಟು ಕಳಚುವಾಗ ಅವರ ಮುಖ ಸಣ್ಣಗಾಗಿತ್ತು. ಅದನ್ನು ನೋಡಿ ನನಗೆ ಓದದೆ ಗತಿಯಿಲ್ಲ ಎಂದಾಯಿತು.

ಅಡುಗೆಮನೆಯಿಂದ ಹುಣಸೆಬೀಜ ಮತ್ತು ಉಪ್ಪಿನಕಾಯಿ ಬಟ್ಟಲುಗಳನ್ನು ತಂದು ನೆಲದ ಮೇಲೆ ಹರವಿಕೊಂಡು ಕೂತೆ. ಪ್ರತಿ ಬೀಜಕ್ಕೂ ಸೀಮೆಸುಣ್ಣದಿಂದ ಗುರುತು ಹಾಕಿ, ಒಂದೊಂದೇ ಬಟ್ಟಲಿಗೆ ಹಾಕುವುದು, ತೆಗೆಯುವುದು, ಬರೆದುಕೊಳ್ಳುವುದು. ಅವ್ವ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದಳು.

"ಏನಿದು, ಎಂ.ಎಸ್ಸಿ.ದಾಗ ಚೌಕಾಬಾರಾ ಕಲಸ್ತಾರೇನು? ಎಣಸೂದೂ ತೆಲುಗಿನ್ಯಾಗ!"

"ಲೆಕ್ಕ ಮಾಡ್ಲಿಕ್ಕತ್ತೀನವ್ವಾ."

"ಬೀಜಕ್ಕ ಗುರುತು ಯಾಕ ಹಾಕಿ? ಎಲ್ಲಾ ಒಂದ ಗಿಡದ್ದವ. ಈ ಬಟ್ಟಲದಾಗ ಎರಡು, ಆ ಬಟ್ಟಲದಾಗ ಎರಡು. ಯಾವ ಎರಡು ಅಂತ ಸಾರು ಕೇಳ್ತದೇನು?"

ನಾನು ಕೈ ತಡೆದೆ. ನಾಲ್ಕು ಬೀಜ, ಎರಡು ಬಟ್ಟಲು: ಗುರುತಿದ್ದರೆ ಹದಿನಾರು ಬಗೆ, ಗುರುತಿಲ್ಲದಿದ್ದರೆ ಐದೇ ಬಗೆ. ಒಂದರಿಂದ ಇನ್ನೊಂದನ್ನು ಬೇರೆ ಮಾಡಲಾಗದ ಕಣಗಳ ಬಗ್ಗೆ ಮೇಷ್ಟ್ರು ವಾರಗಟ್ಟಲೆ ಹೇಳಿದ್ದು ಇದೇ! ಅಯ್ಯೋ, ಆ ಮಧ್ಯಾಹ್ನದ ಸಂತೋಷವನ್ನು ಏನೆಂದು ಹೇಳಲಿ. ಎದ್ದು ಅವ್ವನನ್ನು ತಬ್ಬಿಕೊಂಡೆ. ಅವಳು ನಗುತ್ತಾ, "ಇಷ್ಟು ಸಣ್ಣ ಮಾತು ಸಾಲ್ಯಾಗ ಯಾರೂ ಕಲಸಲಿಲ್ಲೇನು?" ಎಂದಳು.

"ಇಲ್ಲವ್ವಾ. ಹುಬ್ಬಳ್ಳ್ಯಾಗ ಮುಂದಿನ ವರ್ಷ ಅಂದ್ರು. ವಿಜಯವಾಡಾದಾಗ ಹೋದ ವರ್ಷನ ಆಗ್ಯದ ಅಂದ್ರು."

ಅವ್ವನ ನಗು ನಿಂತಿತು. ಬಟ್ಟಲುಗಳನ್ನು ಒಂದರೊಳಗೊಂದು ಜೋಡಿಸಿದಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು: "ನಿಮ್ಮಪ್ಪಗ ಹೇಳಬ್ಯಾಡ. ಎದಿ ಒಡಕೋತಾರ."

ಪರೀಕ್ಷೆಯ ದಿನ ಪ್ರಶ್ನೆ ನೋಡಿದ ಕೂಡಲೇ ಪೆನ್ನು ತೆಗೆದೆ. ಈ ಸಲ ಬಾಯಿಪಾಠದ ಹಂಗೇ ಇರಲಿಲ್ಲ. ಹಿಂದೆ ಅದನ್ನು ನಂಬಿ ಕೆಟ್ಟಿದ್ದೆನಲ್ಲ! ಬೀಜಗಳಿಂದಲೇ ಶುರುಮಾಡಿದೆ. ಎರಡು ಕಣ, ಮೂರು ಕಣ, ಹಾಗೆ ಮೆಟ್ಟಿಲು ಹತ್ತುತ್ತಾ ಕೊನೆಯ ಸೂತ್ರಕ್ಕೆ ನಾನೇ ನಡೆದುಕೊಂಡು ಹೋದೆ. ಒಂದು ಸಾಲೂ ಕದ್ದದ್ದಲ್ಲ, ಎಲ್ಲ ನನ್ನದು. ತಲೆಯೆತ್ತಿದಾಗ ಪಕ್ಕದವರು ಉತ್ತರದ ಹಾಳೆಗಳಿಗೆ ದಾರ ಕಟ್ಟುತ್ತಿದ್ದರು. ನನಗಿನ್ನೂ ಅರ್ಧ ಪೇಪರು ಬಾಕಿಯಿತ್ತು. ಹಬೆ, ಇಂಜಿನ್ನು, ನೀರು ಕುಡಿದಷ್ಟು ಸುಲಭದ್ದೆಲ್ಲ ಹಾಗೇ ಉಳಿದಿತ್ತು. ಗಂಟೆ ಹೊಡೆಯಿತು. ಬರುತ್ತದೆ, ಬರೆಯಲು ಹೊತ್ತಿಲ್ಲ! ಆ ಹಾಲಿನಲ್ಲಿ ಕೂತು ಕಿರುಚಬೇಕೆನಿಸಿತು. ಬಾರದ್ದನ್ನು ಬಾಯಿಪಾಠ ಒಪ್ಪಿಸಿ ಒಮ್ಮೆ ಫೇಲಾದೆ, ಬಂದದ್ದನ್ನು ಬರೆದು ಇನ್ನೊಮ್ಮೆ.

ರಿಸಲ್ಟ್ ಬಂದ ಮೇಲೆ ಲಾರಿ ಹೇಳಲು ತಡವಾಗಲಿಲ್ಲ. ಅಪ್ಪ ನನ್ನ ಪುಸ್ತಕದ ಟ್ರಂಕಿಗೆ ತಾವೇ ಹಗ್ಗ ಬಿಗಿಯುತ್ತಿದ್ದರು. ಬಗ್ಗಿದಲ್ಲಿಂದಲೇ ಕೇಳಿದರು, "ಎಲ್ಲಿ ತಪ್ಪಿತವ್ವಾ?"

ಉತ್ತರ ನಾಲಿಗೆಯ ತುದಿಗೆ ಬಂದು ಕೂತಿತ್ತು. ನಿಮ್ಮ ಲಾರಿಯಲ್ಲಿ ಅಪ್ಪಾ, ಹುಬ್ಬಳ್ಳಿಗೂ ವಿಜಯವಾಡಕ್ಕೂ ನಡುವೆ. ಅವ್ವ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

"ಪೇಪರ್ ಭಾಳ ಟಫ್ ಇತ್ತಪ್ಪಾ" ಎಂದೆ.

"ಹೋಗ್ಲಿ ಬಿಡು. ಹಣೇಬರಹಕ್ಕ ಹೊಣೆ ಯಾರು" ಎಂದು ಗಂಟು ಬಿಗಿದರು.

ಮತ್ತೆ ಕಟ್ಟಬಹುದಿತ್ತಲ್ಲ ಎನ್ನುವವರಿದ್ದಾರೆ. ಹೇಳುವವರಿಗೇನು! ಮನೆಯಿಂದ ಹೊರಗೆ ಕಾಲಿಟ್ಟರೆ ಸುಡುವ ವಿಜಯವಾಡದಲ್ಲಿ, ಇಂದ್ರಕೀಲಾದ್ರಿ ಬೆಟ್ಟದ ಬುಡದ ಬಾಡಿಗೆ ಮನೆಯಲ್ಲಿ ಪ್ರತಿ ವರ್ಷ ಕಟ್ಟೋಣ ಅಂದುಕೊಂಡೆ. ಒಂದು ವರ್ಷ ಅವ್ವನ ಆಪರೇಷನ್ನು, ಒಂದು ವರ್ಷ ನನಗೇ ಟೈಫಾಯ್ಡು. ಕೊನೆಗೆ ಯೂನಿವರ್ಸಿಟಿಯಲ್ಲಿ ಸಿಲಬಸ್ಸೇ ಬದಲಾಯಿತು. ನನಗೂ ಸಿಲಬಸ್ಸುಗಳಿಗೂ ಯಾವ ಜನ್ಮದ ಹಗೆಯೋ! ಬಿ.ಎಸ್ಸಿ.ಯ ಮೇಲೆ ಬಿ.ಎಡ್. ಮಾಡಿ ಹತ್ತಿರದ ಇಬ್ರಾಹಿಂಪಟ್ನಂನ ಒಂದು ಶಾಲೆಯಲ್ಲಿ ಕೆಲಸ ಹಿಡಿದೆ. ಕ್ಲಾಸಿನ ಕಿಟಕಿಯಿಂದ ಪವರ್ ಸ್ಟೇಷನ್ನಿನ ಚಿಮಣಿಗಳು ಕಾಣುತ್ತವೆ. ಶಾಖವೆಲ್ಲ ಕೆಲಸವಾಗುವುದಿಲ್ಲ, ಒಂದಷ್ಟು ಹಾಳಾಗಿ ಹೋಗಲೇಬೇಕು ಎಂದು ಅವುಗಳನ್ನು ತೋರಿಸಿ ಹೇಳುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ. ಕಣಗಳನ್ನು ಎಣಿಸುವ ಪಾಠ ಶಾಲೆಗೆ ಬರುವುದಿಲ್ಲ. ನನಗೆ ಚೆನ್ನಾಗಿ ಬರುವ ಪಾಠ ಅದೊಂದೇ, ಕೇಳುವವರೇ ಇಲ್ಲ.

ಅಪ್ಪ ರಿಟೈರಾದ ದಿನ ಬ್ಯಾಂಕಿನವರು ಸಣ್ಣ ಸಮಾರಂಭ ಮಾಡಿದರು. ಹಾರ, ಶಾಲು, ಮೈಕು. ಮೊದಲ ಸಾಲಿನಲ್ಲಿ ನಾನು, ಪಕ್ಕದಲ್ಲಿ ಅವ್ವ. ಅಪ್ಪ ತೆಲುಗಿನಲ್ಲಿ ಶುರುಮಾಡಿ, ನಡುವೆ ಕನ್ನಡಕ್ಕೆ ಬಂದರು.

"ಈ ನೌಕರಿ ನನ್ನ ಊರೂರು ತಿರುಗಿಸ್ತು. ಖರೇ ಹೇಳ್ತೀನಿ, ಅದರಿಂದ ನನ್ನ ಮಗಳಿಗೆ ಏನೂ ಕಡಿಮಿ ಆಗ್ಲಿಲ್ಲ. ಎರಡೂ ರಾಜ್ಯದ ಸಿಲಬಸ್ ಓದಿದಾಕಿ ಆಕಿ!"

ಭಾಷೆ ತಿಳಿಯದವರೂ ಸೇರಿ ಹಾಲಿನಲ್ಲಿದ್ದ ಅಷ್ಟೂ ಜನ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಅಪ್ಪ ನನ್ನನ್ನೇ ನೋಡುತ್ತಿದ್ದರು, ಕಣ್ಣಲ್ಲಿ ನೀರು. ನಾನೂ ತಟ್ಟಿದೆ. ಅವ್ವ ಮಾತ್ರ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.